ಟೇಪಕ್ಕನ ಕಾಲು ಮತ್ತು ಕಾರಿನ ಹಿಂದಿನ ಎರಡು ಗಂಟಲು

ಮಾಲು ಕಣ್ಣಿಗೆ ಬಿದ್ದ ಕೂಡಲೇ ಮನಸ್ಸಿನಲ್ಲಿ ಬೆಲೆ ಕಟ್ಟಿಬಿಡುವುದು ಹಳೆಯ ಕಾರುಗಳ ವ್ಯಾಪಾರಿಗೆ ಅಂಟಿದ ಜಾಡ್ಯ. ಮನುಷ್ಯರನ್ನೂ ನಾನು ಹಾಗೇ ನೋಡುವುದು. ಆದ್ದರಿಂದ ಟೇಪಕ್ಕನನ್ನು ಮೊದಲು ಗಿರಾಕಿಗೆ ತೋರಿಸುವ ಹಾಗೆ ತೋರಿಸಿಬಿಡುತ್ತೇನೆ. ಮಾಡೆಲ್ಲು ಹಳೆಯದು, ಐವತ್ತು ದಾಟಿದೆ. ಬಾಡಿ ಗಟ್ಟಿ, ತುಕ್ಕಿಲ್ಲ, ಬಣ್ಣ ಬಳಿದು ವಯಸ್ಸು ಮುಚ್ಚುವ ಪ್ರಯತ್ನವೂ ಇಲ್ಲ. ದೀಪ ಎರಡೂ ಪ್ರಖರ; ಕನ್ನಡಕದ ಒಂದು ಕಡ್ಡಿಗೆ ಮಾತ್ರ ದಾರ ಸುತ್ತಿದೆ. ಹಾರ್ನು ಜೋರು. ಬ್ರೇಕು ಕಾಲಿಗುಂಟು, ನಾಲಿಗೆಗಿಲ್ಲ. ರಿವರ್ಸ್ ಗೇರನ್ನು ತಯಾರಕರೇ ಕೂರಿಸಿಲ್ಲ. ಈವರೆಗೆ ಒಬ್ಬರೇ ಮಾಲೀಕರು, ಅದೂ ಅವರೇ. ಮಾರಾಟಕ್ಕಿಲ್ಲ.

ಕಾರಿನ ಸೀಟಿಗೆ ಕವರು ಹೊಲಿಯುವುದು, ನೆಲಕ್ಕೆ ಹಾಸು ಹಾಸುವುದು, ಸೂರಿಗೆ ಬಟ್ಟೆ ಬಿಗಿಯುವುದು ಅವರ ಕೆಲಸ. ಅಳತೆಯ ಟೇಪು ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿಲ್ಲ. ಹೆಸರು ಬಂದದ್ದೇ ಅದರಿಂದ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಗೆ ರೆಕ್ಸಿನ್ ಸುರುಳಿಗಳು ಒರಗಿ ನಿಂತಿರುತ್ತವೆ, ಮೂಲೆಯಲ್ಲಿ ಸ್ಪಂಜಿನ ಚೂರುಗಳ ಗುಡ್ಡೆ, ಬಾಗಿಲಿಗೆ ಎದುರಾಗಿ ಕಾಲಿನಿಂದ ತುಳಿಯುವ ದೊಡ್ಡ ಹೊಲಿಗೆ ಯಂತ್ರ. ಮೋಟಾರು ಹಾಕಿಸಿಕೊಳ್ಳಿ ಎಂದು ನಾನೇ ಹಲವು ಸಲ ಹೇಳಿದ್ದುಂಟು.

"ಬೇಡ ಸಾವ್ಕಾರ್ರೆ. ಮೋಟಾರಿಗೆ ದಪ್ಪ ಬಟ್ಟೆ ಯಾವುದು, ತೆಳು ಯಾವುದು ಗೊತ್ತಾಗಲ್ಲ. ನನ್ನ ಕಾಲಿಗೆ ಗೊತ್ತಾಗತ್ತೆ."

ನನ್ನನ್ನು ಅವರು ಸಾವ್ಕಾರ್ರೆ ಎಂದು ಕರೆಯುವುದು ಗೌರವಕ್ಕಲ್ಲ. ಆ ಮಾತಿನಲ್ಲಿ ಸೂಜಿ ಇರುತ್ತದೆ, ದಾರ ಇರುವುದಿಲ್ಲ.

ಯಾರೋ ಹೊಸ ಗಿರಾಕಿ ಒಳಗೆ ಬಂದು, ಸುತ್ತ ನೋಡಿ, "ಗಂಡಸರು ಯಾರೂ ಇಲ್ವಾ ಅಂಗಡೀಲಿ?" ಎಂದು ಕೇಳಿದ್ದರಂತೆ.

"ಇದ್ದಾರಲ್ಲ, ಒಳಗೆ ಸೀಟಿನ ಗುಂಡಿಗಳಿಗೆ ಬಟ್ಟೆ ಸುತ್ತುತಾ ಇದ್ದಾರೆ. ಕರೀಲಾ? ಆದ್ರೆ ಅವರೂ ನನ್ನೇ ಕೇಳಿ ಹೇಳ್ತಾರೆ."

ಒಳಗೆ ಗುಂಡಿಗಳಿಗೆ ಬಟ್ಟೆ ಸುತ್ತುತ್ತಿದ್ದದ್ದು ಅವರ ಯಜಮಾನರು. ಆ ಪುಣ್ಯಾತ್ಮ ಮಾತಿನಲ್ಲಿ ಬಲು ಮಿತವ್ಯಯಿ. ಇಡೀ ಮನೆಯ ಮಾತಿನ ಗುತ್ತಿಗೆಯನ್ನು ಹೆಂಡತಿಗೇ ಬಿಟ್ಟುಕೊಟ್ಟು ಸುಖವಾಗಿದ್ದಾರೆ.

ಇಂಥ ಟೇಪಕ್ಕ ಊರಿನವರ ಕಾರುಗಳಿಗೆಲ್ಲ ಹಾಸು ಹಾಸಿದ್ದರೂ ಒಂದು ಕಾರಿನಲ್ಲಿ ಓಡಿಸುವವರ ಬಾಗಿಲನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಅದು ಅವರ ತಂದೆಯದು.

ತಂದೆ ಬಡಗಿ. ಒಂದು ದೊಡ್ಡ ಬಂಗಲೆಗೆ ಬಾಗಿಲು, ಕಿಟಕಿ, ಮಂಚ, ಕಪಾಟು ಎಲ್ಲವನ್ನೂ ಮಾಡಿಕೊಟ್ಟು, ಕೂಲಿಯ ಬದಲು ಆ ಬಂಗಲೆಯವರ ಕಾರನ್ನೇ ಪಡೆದು ಮನೆಗೆ ತಂದ ಮನುಷ್ಯ. ಎಂಟು ಸಿಲಿಂಡರಿನ ಉದ್ದನೆಯ ಕಾರು. ಮೂತಿ ಬೀದಿಯ ತಿರುವು ದಾಟಿದ ಮೇಲೂ ಬಾಲ ಇನ್ನೂ ಮನೆಯ ಮುಂದೆಯೇ ಇರುತ್ತಿತ್ತಂತೆ. ಟೇಪಕ್ಕನಿಗೆ ಹದಿನೆಂಟೋ ಹತ್ತೊಂಬತ್ತೋ ಆದಾಗ ತಂದೆಯೇ ಓಡಿಸುವುದನ್ನು ಕಲಿಸಿದರು. ಕಲಿತ ಸ್ವಲ್ಪ ದಿನಕ್ಕೆ ಮಗಳು ಒಬ್ಬಳೇ ಕಾರು ತೆಗೆದುಕೊಂಡು ನೀರಿನ ಟ್ಯಾಂಕಿನ ಏರು ಹತ್ತಿಸಿ ಬಂದಳು, ಅದೂ ಬೀದಿಯ ಜನ ತಿರುಗಿ ನೋಡುವ ವೇಗದಲ್ಲಿ. ತಂದೆ ಬೈಯಲಿಲ್ಲ. ಬೀಗದ ಕೈ ಇಸಕೊಂಡರು, ಅಷ್ಟೆ. ಆದರೆ ಅದಾದ ಮೇಲೆ ಕಾರಿಗೆ ಉಸಿರು ಹತ್ತಲಾರಂಭಿಸಿತು. ಸಮದಾರಿಯಲ್ಲಿ ನೆಟ್ಟಗಿರುವುದು; ಏರು ಬಂತೋ, ಗೂರಲು ಬಂದ ಮುದುಕನ ಹಾಗೆ ಏದುಸಿರು. ಟ್ಯಾಂಕಿನ ಏರಿನ ತಿರುವಿನಲ್ಲಿ ಓಡಿಸುವವರನ್ನೂ ಮನೆಯ ಅಜ್ಜಿಯನ್ನೂ ಬಿಟ್ಟು ಉಳಿದವರೆಲ್ಲ ಇಳಿದು ಪಕ್ಕದಲ್ಲಿ ನಡೆಯುವುದು ಆ ಮನೆಯ ಕ್ರಮವೇ ಆಯಿತು. ಮಕ್ಕಳು ಹುಟ್ಟಿದವು, ದೊಡ್ಡವಾದವು, ತಿರುವು ಬಂದ ಕೂಡಲೇ ಹೇಳಿಸಿಕೊಳ್ಳದೆ ಇಳಿಯುವುದನ್ನು ಕಲಿತವು.

"ಅಕ್ಕ ಅವತ್ತು ಓಡಿಸಿದ್ಲಲ್ಲ, ಆವಾಗ್ಲೇ ಎಂಜಿನ್ ಹೋಗಿದ್ದು." ಇದು ಆ ಮನೆಯ ಇತಿಹಾಸದ ಮೊದಲ ಪಾಠ. ಮದುವೆಗೆ ಬಂದ ನೆಂಟರಿಗೂ ಹೇಳುತ್ತಿದ್ದರು, ಸಾವಿಗೆ ಬಂದವರಿಗೂ ಹೇಳುತ್ತಿದ್ದರು. ತಂದೆ ಆ ಮಾತನ್ನು ಆಡಲಿಲ್ಲ. ಆಡುವವರನ್ನು ತಡೆಯಲೂ ಇಲ್ಲ.

ತಂದೆ ಹೋದ ಮೇಲೆ ಕಾರು ತಮ್ಮನ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತು. ತಮ್ಮನಿಗೆ ಔಷಧಿ ಅಂಗಡಿ. ಟೇಪಕ್ಕ ಅವರನ್ನು ಈಗಲೂ ಪುಟ್ಟ ಎಂದೇ ಕರೆಯುವುದು. ಮುಂದಲೆ ಬೋಳಾಗಿ, ಅಂಗಿಯ ಗುಂಡಿಗಳು ಹೊಟ್ಟೆಯ ಜೊತೆ ದಿನವೂ ಜಗಳವಾಡುವ ಮನುಷ್ಯನನ್ನು ನಾನು ಪುಟ್ಟ ಎನ್ನಲಾರೆ. ತಮ್ಮ ಎಂದೇ ಬರೆಯುತ್ತೇನೆ. ಕೆಟ್ಟ ಮನುಷ್ಯರಲ್ಲ. ಔಷಧಿ ಪೆಟ್ಟಿಗೆಗಳನ್ನು ಇಡಲು ಅವರಿಗೆ ಜಾಗ ಬೇಕಿತ್ತು. ಶೆಡ್ಡು ಖಾಲಿ ಮಾಡಬೇಕೆಂದು ನನಗೆ ಹೇಳಿಕಳಿಸಿದರು.

ನನ್ನ ಕೈಯಲ್ಲಿ ಆಗ ಒಬ್ಬ ಗಿರಾಕಿ ಇದ್ದರು, ಹೋಟೆಲ್ ಮಾಲೀಕರು. ಅವರಿಗೆ ಓಡುವ ಕಾರು ಬೇಕಿರಲಿಲ್ಲ. ಹಳೆಯ ಕಾರೊಂದನ್ನು ನಡುವಿಗೆ ಕತ್ತರಿಸಿ, ಮುಂದಿನ ಅರ್ಧವನ್ನು ಹೋಟೆಲಿನ ಕೌಂಟರು ಮಾಡಿ, ಬಾನೆಟ್ಟಿನ ಮೇಲೆ ಗಂಟೆಯನ್ನೂ ಹೂಕುಂಡವನ್ನೂ ಇಡುವ ಆಸೆ. ಎಂಜಿನ್ ಸತ್ತಿದ್ದರೆ ಇನ್ನೂ ಒಳ್ಳೆಯದು, ತೂಕ ಕಡಿಮೆ ಮಾಡಲು ಹೇಗೂ ತೆಗೆದು ಹಾಕಬೇಕು ಎಂದಿದ್ದರು. ಇದಕ್ಕಿಂತ ಸಲೀಸಾದ ವ್ಯಾಪಾರ ಸಿಗುವುದುಂಟೇ? ಹೇಳಿ ಮಾಡಿಸಿದ ಹಾಗಿತ್ತು.

ಹೋಗಿ ನೋಡಿದೆ. ಮುದ್ದಾದ ಕಾರು, ಎಂಜಿನ್ ಚಾಲೂ ಆಯಿತು, ಸದ್ದು ಮೆತ್ತಗಿತ್ತು. ತಮ್ಮ ಅದರ ಜಾತಕವನ್ನೆಲ್ಲ ಹೇಳಿದರು: ಊರಿನ ಮೇಸ್ತ್ರಿಗಳೆಲ್ಲ ನೋಡಿ ಆಯಿತು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಆಯಿತು, ಲಿವರನ್ನು ಕೈಯಿಂದ ತಿರುಗಿಸಿ ನೋಡಿದರೆ ಎಲ್ಲ ಸರಿಯಾಗಿ ತೆರೆಯುತ್ತದೆ, ಹಾಗಾದರೆ ಕೆಟ್ಟಿರುವುದು ಎಂಜಿನ್ನೇ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದಾರೆ. ನಾನೂ ತಲೆಯಾಡಿಸಿದೆ. ಮಾಲನ್ನು ಮಾರುವವನೇ ತೆಗಳುತ್ತಿರುವಾಗ ಕೊಳ್ಳುವವನು ಹೊಗಳಿದರೆ ವ್ಯಾಪಾರದ ಹೊಟ್ಟೆಗೆ ಹೊಡೆದ ಹಾಗೆ.

ಒಂದೇ ತೊಡಕು. ಕಾರಿನ ಮೇಲೆ ಅಕ್ಕನ ಹಕ್ಕೂ ಇತ್ತು. ಅವರ ಒಪ್ಪಿಗೆ ಬೇಕು. ಒಂದು ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಎಲ್ಲರೂ ಸೇರಿದೆವು: ತಮ್ಮ, ಟೇಪಕ್ಕ, ಕುರ್ಚಿಯ ಮೇಲೆ ಅವರ ವಯಸ್ಸಾದ ತಾಯಿ, ಮತ್ತು ನಾನು.

"ಏನ್ಮಾಡ್ತೀರ ಕಾರನ್ನ?" ಟೇಪಕ್ಕ ನೇರವಾಗಿ ನನ್ನನ್ನೇ ಕೇಳಿದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದೆ. "ಒಂದು ಒಳ್ಳೇ ಜಾಗಕ್ಕೆ ಹೋಗತ್ತೆ ಅಕ್ಕ. ದಿನಾ ನೂರಾರು ಜನ ನೋಡ್ತಾರೆ."

"ಇಡೀದಾ, ಅರ್ಧಾನಾ?"

ಹೋಟೆಲಿನ ಕುರ್ಚಿಗಳಿಗೆ ಗವುಸು ಹೊಲಿಯುವ ಗುತ್ತಿಗೆಯೂ ಇವರದ್ದೇ ಎಂಬುದನ್ನು ನಾನು ಮರೆತಿದ್ದೆ.

"ಸತ್ತಿರೋ ಎಂಜಿನ್ ಅಕ್ಕ," ಎಂದರು ತಮ್ಮ. "ಇಟ್ಕೊಂಡು ಏನು ಮಾಡೋದು? ಅವತ್ತು ನೀನು…"

"ಹೇಳು, ಪೂರ್ತಿ ಹೇಳು. ನಿಲ್ಲಿಸ್ಬೇಡ. ಅವತ್ತು ನಾನು ಓಡಿಸಿದೆ, ಕೆಡಿಸಿದೆ. ಇಷ್ಟು ವರ್ಷ ಬಾಯಲ್ಲಿ ಹೇಳ್ತಿದ್ರಿ, ಈಗ ಕತ್ತರಿಸಿ ಹೋಟೆಲಲ್ಲಿ ಇಡ್ತೀರ. ಬಂದೋರೆಲ್ಲ ಕೇಳ್ತಾರೆ, ಯಾಕೆ ಕತ್ತರಿಸಿದ್ರಿ? ಎಂಜಿನ್ ಸತ್ತಿತ್ತು. ಯಾರು ಸಾಯಿಸಿದ್ದು? ಅವರಕ್ಕ. ಅದಕ್ಕೆ ನಾನೇ ಸಹಿ ಹಾಕ್ಬೇಕಾ?"

 ಟೇಪಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಇದು ಸತ್ತಿಲ್ಲ. ನಾನು ಆವತ್ತು ಏರು ಹತ್ತಿಸುವಾಗ ಇದರ ದನಿ ಬದಲಾಗಿತ್ತು. ಒಳಗಿಂದ ಇನ್ನೊಂದು ದನಿ ಎದ್ದು ಬಂತು. ಅಪ್ಪನೇ ಹೇಳ್ತಿದ್ರಲ್ಲ, ಹಿಂದಿನ ಎರಡು ಗಂಟಲು ನಿದ್ದೇಲಿ ಇರತ್ತೆ, ಏರು ಬಂದಾಗ ಏಳತ್ತೆ ಅಂತ. ಅವತ್ತು ಎದ್ದಿತ್ತು. ಆಮೇಲೆ ಒಂದು ದಿನಾನೂ ಎದ್ದಿಲ್ಲ. ಯಾಕೆ ಎದ್ದಿಲ್ಲ ಅಂತ ಕೇಳ್ದೆ ನನ್ನ ಕಡೆ ಬೆರಳು ತೋರಿಸಿದ್ರಿ."

ಗಂಟಲಿನ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಕಾರ್ಬ್ಯುರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕುಡಿಸುವ ಪಾತ್ರೆ. ದೊಡ್ಡ ಕಾರುಗಳಲ್ಲಿ ಅದಕ್ಕೆ ನಾಲ್ಕು ಗಂಟಲು. ದಿನನಿತ್ಯದ ಓಡಾಟಕ್ಕೆ ಮುಂದಿನ ಎರಡೇ ಸಾಕು. ಆಕ್ಸಿಲರೇಟರ್ ಪೆಡಲನ್ನು ಅರ್ಧಕ್ಕಿಂತ ಕೆಳಗೆ ತುಳಿದಾಗ ಮಾತ್ರ ಹಿಂದಿನ ಎರಡು ತೆರೆಯುತ್ತವೆ. ಅವಕ್ಕೆ ಸೆಕೆಂಡರಿ ಎನ್ನುತ್ತಾರೆ. ಪ್ರತಿ ಗಂಟಲಿಗೂ ಒಂದೊಂದು ತಗಡಿನ ಬಿಲ್ಲೆಯೇ ಬಾಗಿಲು.

"ಕೊನೇ ಮಾತು ಹೇಳಿಬಿಡು ಅಕ್ಕ," ಎಂದರು ತಮ್ಮ. "ಎಲ್ಲಾರೂ ನೋಡಿ ಆಗಿದೆ."

"ಎಲ್ಲಾರೂ ಕೈಯಲ್ಲಿ ನೋಡಿದ್ದಾರೆ. ಕಾರನ್ನ ಕೈಯಲ್ಲಿ ಓಡಿಸ್ತಾರಾ? ಒಂದೇ ಒಂದ್ಸಲ ಕಾಲಲ್ಲಿ ನೋಡೋಣ. ಕಾಲಿಗೂ ಎಲ್ಲ ಸರಿ ಇದ್ದು, ಆದ್ರೂ ಕಾರು ಏರು ಹತ್ತದೇ ಇದ್ರೆ ಒಯ್ದು ಕತ್ತರಿಸಿ. ನಾನೇ ಗೆರೆ ಎಳ್ಕೊಡ್ತೀನಿ, ಟೇಪ್ ಇದೆ. ಹತ್ತಿದ್ರೆ, ಎಲ್ಲಾರೂ ಕೂತಿರ್ಬೇಕು, ಒಬ್ಬರೂ ಇಳೀಬಾರ್ದು, ಹಾಗೆ ಹತ್ತಿದ್ರೆ ಕಾರು ನಂದು. ನನ್ನ ಅಂಗಡಿ ಮುಂದೆ ನಿಲ್ಲತ್ತೆ."

ತಮ್ಮ ನನ್ನ ಮುಖ ನೋಡಿದರು. ಹತ್ತುವುದಿಲ್ಲ ಎನ್ನುವುದು ನನಗೂ ಖಾತ್ರಿ ಇತ್ತು. ಆಗಲಿ ಎಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲು ಸ್ವಲ್ಪ ತಡವಾದರೆ ಏನು ಮುಳುಗಿಹೋಗುತ್ತದೆ?

"ಅಮ್ಮಾ, ನೀನೇನಂತೀಯ?" ಎಂದು ತಮ್ಮ ತಾಯಿಯ ಕಿವಿಯ ಹತ್ತಿರ ಕೂಗಿದರು.

"ನಾನೂ ಬರ್ತೀನಿ," ಎಂದರು ತಾಯಿ. ಅವರಿಗೆ ಕೇಳಿಸಿದ್ದು ತಿರುಗಾಟದ ಸುದ್ದಿ ಮಾತ್ರ.

ಮೂವತ್ತು ವರ್ಷಕ್ಕೂ ಮೇಲಾಗಿ ಮುಟ್ಟದಿದ್ದ ಆ ಬಾಗಿಲನ್ನು ತೆರೆದು ಟೇಪಕ್ಕ ಸ್ಟಿಯರಿಂಗಿನ ಹಿಂದೆ ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಚಪ್ಪಲಿ ಹೊರಗೆ ಬಿಟ್ಟರು.

"ಎಂಜಿನ್ ಈಗ ಚಾಲೂ ಮಾಡಲ್ಲ. ಸಾವ್ಕಾರ್ರೆ, ನೀವು ಬನ್ನಿ, ಏರ್ ಕ್ಲೀನರ್ ತೆಗ್ದು ಒಳಗೆ ಟಾರ್ಚ್ ಬಿಟ್ಟು ನೋಡಿ."

"ನಾನ್ಯಾಕಕ್ಕ? ತಮ್ಮ ನೋಡ್ಲಿ."

"ಅವನು ನೋಡಿದ್ರೆ ಅಕ್ಕನ ಕಡೆ ಅಂತೀರ. ನೀವು ಕೊಳ್ಳೋರು. ಕೊಳ್ಳೋನ ಕಣ್ಣಿಗೆ ಕೆಟ್ಟದ್ದು ಬಿಟ್ಟು ಬೇರೇನೂ ಕಾಣಲ್ಲ. ಅಂಥ ಸಾಕ್ಷಿ ಇನ್ನೆಲ್ಲಿ ಸಿಗತ್ತೆ?"

ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡು ಬಾನೆಟ್ಟಿನ ಕೆಳಗೆ ತಲೆ ಹಾಕಿದೆ. ಮೇಲಿನ ಮುಚ್ಚಳ ತೆಗೆದಾಗ ನಾಲ್ಕು ಬಾವಿಗಳ ಹಾಗೆ ಗಂಟಲುಗಳು ಕಂಡವು.

"ತುಳೀತಿದೀನಿ. ಪೂರ್ತಿ. ಹೆಬ್ಬೆರಳು ನೋಯೋ ಅಷ್ಟು. ಏನ್ ಕಾಣ್ತಿದೆ?"

"ಮುಂದಿನ ಎರಡು ತೆರೆದಿದೆ."

"ಹೆಂಗೆ ತೆರೆದಿದೆ? ಬಿಲ್ಲೆ ನೆಟ್ಟಗೆ ನಿಂತಿದ್ಯಾ, ವಾರೆ ಇದ್ಯಾ? ನೆಟ್ಟಗಿದ್ರೆ ಬರೀ ಅಂಚು ಕಾಣ್ಬೇಕು. ಹೊಟ್ಟೆ ಕಾಣ್ಬಾರ್ದು."

ಬಗ್ಗಿ ನೋಡಿದೆ. ಹೊಟ್ಟೆ ಕಾಣುತ್ತಿತ್ತು. ಎರಡೂ ಬಿಲ್ಲೆಗಳು ಅರ್ಧಂಬರ್ಧ ಓರೆಯಾಗಿ ನಿಂತಿದ್ದವು, ಬಾಗಿಲಲ್ಲಿ ಒಂದು ಕಾಲಿಟ್ಟು ಬರಲೋ ಬೇಡವೋ ಎನ್ನುವ ನೆಂಟನ ಹಾಗೆ.

"ಹಿಂದಿನ ಎರಡು?"

"ಮುಚ್ಚಿವೆ ಅಕ್ಕ."

"ಇನ್ನೊಂದ್ಸಲ ಹೇಳಿ, ಪುಟ್ಟನಿಗೆ ಕೇಳೋ ಹಾಗೆ."

"ಮುಚ್ಚಿವೆ, ಪೂರ್ತಿ ಮುಚ್ಚಿವೆ."

"ಈಗ ಕಾಲು ತೆಗೀತೀನಿ. ನೀವು ಕೈಯಲ್ಲಿ ಲಿವರ್ ತಿರುಗಿಸಿ."

ತಿರುಗಿಸಿದೆ. ಮುಂದಿನ ಬಿಲ್ಲೆಗಳು ನೆಟ್ಟಗೆ ನಿಂತವು, ಅವುಗಳ ಬೆನ್ನಿಗೇ ಹಿಂದಿನ ಎರಡೂ ಸರಾಗವಾಗಿ ತೆರೆದವು. ನಾಲ್ಕರ ಅಂಚೂ ಗೆರೆ ಎಳೆದ ಹಾಗೆ. ಮೇಸ್ತ್ರಿಗಳು ನೋಡಿದ್ದು ಇದನ್ನೇ. ನೋಡಿದ್ದರಲ್ಲಿ ತಪ್ಪಿರಲಿಲ್ಲ. ಕೈ ಹೋಗುವಷ್ಟು ದೂರ ಕಾಲು ಹೋಗುತ್ತಿಲ್ಲ ಎನ್ನುವುದು ಬಾನೆಟ್ಟಿನ ಕೆಳಗೆ ಒಬ್ಬರೇ ನಿಂತವರಿಗೆ ಗೊತ್ತಾಗುವುದಾದರೂ ಹೇಗೆ?

"ಪೆಡಲಿನ ರಾಡು ಬಗ್ಗಿರಬಹುದು," ಎಂದರು ತಮ್ಮ.

ಟೇಪಕ್ಕ ಕಣ್ಣು ಮುಚ್ಚಿಕೊಂಡು ಪೆಡಲನ್ನು ಮತ್ತೆ ಮತ್ತೆ ತುಳಿದರು, ಬಟ್ಟೆಯ ದಪ್ಪ ನೋಡುವವರ ಹಾಗೆ.

"ಇದು ತಳ ಮುಟ್ಟಿಲ್ಲ. ತಗಡಿಗೆ ತಗುಲಿದ್ರೆ ಟಣ್ ಅಂತ ಕಾಲಿಗೆ ಬರತ್ತೆ. ಇದು ಧಪ್ ಅಂತಿದೆ. ಮೇಲೆ ಮೆತ್ತೆ, ಕೆಳಗೆ ಗಟ್ಟಿ. ಇಲ್ಲೇನೋ ಇದೆ ಪುಟ್ಟ. ಕತ್ತರಿ ಕೊಡು."

"ಅಕ್ಕ! ಅದು ಅಪ್ಪ ಹಾಸಿದ ಹಾಸು."

"ಗೊತ್ತು. ಹೊಲಿಗೆ ನೋಡಿದ್ರೇ ಗೊತ್ತಾಗತ್ತೆ, ಬಡಗಿ ಹೊಲಿದಿದ್ದು ಅಂತ. ಕೊಡು."

ಹಾಸಿನ ಅಂಚನ್ನು ಬಿಚ್ಚಿ ಹಿಂದಕ್ಕೆ ಮಡಚಿದರು. ಪೆಡಲಿನ ಅಡಿಯಲ್ಲಿ ಒಂದು ಮರದ ತುಂಡು. ಅವಸರಕ್ಕೆ ತುರುಕಿದ ತುಂಡಲ್ಲ ಅದು. ನಾಲ್ಕೂ ಅಂಚು ಉಜ್ಜಿ ನುಣುಪು ಮಾಡಿದ್ದು, ನೆಲದ ಇಳಿಜಾರಿಗೆ ಸರಿಯಾಗಿ ಓರೆ ಕೊಟ್ಟದ್ದು, ತಲೆ ಕಾಣದ ಹಾಗೆ ಹಿತ್ತಾಳೆಯ ತಿರುಪು ಇಳಿಸಿದ್ದು, ಸದ್ದು ಬಾರದಿರಲಿ ಎಂದು ಮೇಲೆ ದಪ್ಪ ಉಣ್ಣೆಯ ಚೂರು ಅಂಟಿಸಿದ್ದು. ಅಷ್ಟು ಅಚ್ಚುಕಟ್ಟಾದ ಕೆಲಸ ಮಾಡುವ ಕೈ ಆ ಮನೆಯಲ್ಲಿ ಒಂದೇ ಇತ್ತು.

ತಮ್ಮನೂ ನಾನೂ ಬಾಗಿಲಿಗೆ ಬಗ್ಗಿ ನೋಡಿದೆವು.   

ತಾಯಿ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. "ಅಯ್ಯೋ, ಇದು ನಮ್ಮ ಹಳೇ ಮಂಚದ ಕಾಲು ಕಣ್ರೋ. ಅಡಿಗೆಮನೆ ಹೊಸ್ತಿಲ ಮೇಲೆ ಕೂತು ಉಜ್ಜುತಾ ಇದ್ರು. ಏನು ಅಂದ್ರೆ, ಕಾಲಿಗೆ ಆಸರೆ ಅಂದ್ರು."

"ಯಾವಾಗಮ್ಮ?" ಟೇಪಕ್ಕ ಕೂಗಿ ಕೇಳಿದರು.

"ನೀನು ಕಾರು ಓಡಿಸ್ಕೊಂಡು ಹೋಗಿದ್ಯಲ್ಲ, ಆಮೇಲೆ. ಆ ವಾರವೆಲ್ಲ ಮುಖ ಗಂಟು ಹಾಕ್ಕೊಂಡಿದ್ರು."

ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು. "ಅಕ್ಕ, ಅಪ್ಪ ನಿನ್ನ ಒಳ್ಳೇದಕ್ಕೇ ಮಾಡಿರ್ತಾರೆ. ಏನಾದ್ರೂ ಆಗ್ಬಿಟ್ಟಿದ್ರೆ…"

"ಒಳ್ಳೇದಕ್ಕೆ ಮಾಡೋರು ಹೇಳಿ ಮಾಡ್ತಾರೆ. ಬೈದಿದ್ರೆ ಬೈಸ್ಕೊಳ್ತಿದ್ದೆ. ಎರಡು ಬಿಗಿದಿದ್ರೆ ಅದೂ ಮರ್ತುಹೋಗ್ತಿತ್ತು. ಹೇಳ್ದೆ ಕೇಳ್ದೆ ಮರ ಇಟ್ಟು, ಮೇಲೆ ಮೆತ್ತೆ ಅಂಟಿಸಿ, ಅದರ ಮೇಲೆ ಹಾಸು ಹಾಸಿ, ಊರೆಲ್ಲ ನನ್ನ ಕಡೆ ಕೈ ತೋರಿಸ್ತಿದ್ರೆ ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ರಲ್ಲೋ ಪುಟ್ಟ! ಅದಕ್ಕೆ ಆಸರೆ ಅಂತ ಹೆಸರು ಬೇರೆ."

 ಅಳುತ್ತಾರೇನೋ ಎಂದು ನಾನು ಕರವಸ್ತ್ರ ತಡಕಿದ್ದು ವ್ಯರ್ಥವಾಯಿತು; ಕೊನೆಗೆ ಅದರಿಂದ ನನ್ನ ಕೈಯ ಗ್ರೀಸನ್ನೇ ಒರೆಸಿಕೊಂಡೆ.

ಟೇಪಕ್ಕ ಮರದ ತುಂಡನ್ನು ಬೆರಳಿನಿಂದ ತಟ್ಟಿ ಹೇಳಿದರು: "ಮಗಳ ಕಾಲು ಕಟ್ಟೋಕೆ ಹೋಗಿ ತನ್ನ ಕಾಲನ್ನೂ ಕಟ್ಕೊಂಡ್ರು. ಸಾಯೋವರೆಗೂ ಅರ್ಧ ಕಾರಲ್ಲೇ ಓಡಾಡಿದ್ರು. ಏರಲ್ಲಿ ಇಳಿದು ನಡೀತಿದ್ವಲ್ಲ ನಾವು, ಅವರಿಗೆ ಗೊತ್ತಿತ್ತು ಯಾಕೆ ಅಂತ. ತಿರುಪುಳಿ ಕೊಡಿ."

"ಅಪ್ಪ ಮಾಡಿದ್ದನ್ನ ತೆಗೀಬೇಕಾ ಅಕ್ಕ? ಹೇಗೂ ಗೊತ್ತಾಯ್ತಲ್ಲ, ನಿನ್ನ ತಪ್ಪಿಲ್ಲ ಅಂತ. ಸಾಕಲ್ಲ? ಎಲ್ಲಾರ್ಗೂ ನಾನೇ ಹೇಳ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಈ ಮಾತು ನನಗೆ ಬಹಳ ಹಿಡಿಸಿತು. ಮರ ಇದ್ದಲ್ಲೇ ಇದ್ದರೆ ಕಾರು ಏರು ಹತ್ತುವುದಿಲ್ಲ, ಹತ್ತದಿದ್ದರೆ ಹೋಟೆಲಿಗೆ ಕೌಂಟರು ಸಿಗುತ್ತದೆ. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಟೇಪಕ್ಕ ನನ್ನ ಕಡೆ ತಿರುಗಿದರು.

"ಸಾವ್ಕಾರ್ರೆ, ನೀವು ಈಗ ಏನು ಹೇಳ್ಬೇಕು ಅಂತಿದೀರೋ ಅದನ್ನ ಹೇಳ್ಬೇಡಿ."

ಹೇಳಲಿಲ್ಲ. ತಿರುಪುಳಿ ಕೊಟ್ಟೆ.

ತಿರುಪುಗಳು ಸುಲಭಕ್ಕೆ ಬಿಡಲಿಲ್ಲ, ಒಳ್ಳೆಯ ಬಡಗಿಯ ತಿರುಪುಗಳು. ಟೇಪಕ್ಕ ಕಾರಿನ ನೆಲಕ್ಕೆ ಮಂಡಿಯೂರಿ, ಹಲ್ಲು ಕಚ್ಚಿ, ಒಂದೊಂದನ್ನೇ ಎತ್ತಿದರು. ತುಂಡು ಕೈಗೆ ಬಂತು. ಅದನ್ನು ಬೀದಿಗೆ ಎಸೆಯುತ್ತಾರೆಂದು ಎಣಿಸಿದ್ದೆ. ಎಸೆಯಲಿಲ್ಲ. ತಮ್ಮನ ಕೈಗಿಟ್ಟರು. "ಇಟ್ಕೋ. ನಿನ್ನ ಅಂಗಡೀಲಿ ಬಾಗಿಲು ಬಡಿಯತ್ತಲ್ಲ, ಅಲ್ಲಿಗೆ ಆಗತ್ತೆ. ಒಳ್ಳೇ ಮರ."

ಮತ್ತೆ ನನ್ನ ತಲೆ ಬಾನೆಟ್ಟಿನೊಳಗೆ, ಅವರ ಕಾಲು ಪೆಡಲಿನ ಮೇಲೆ.

"ತುಳೀತಿದೀನಿ. ಹೇಳಿ."

"ಮುಂದಿನದು ತೆರೀತಿದೆ… ನೆಟ್ಟಗಾಯ್ತು… ಅಕ್ಕ, ಹಿಂದಿನದೂ ತೆರೀತು! ಅಂಚು ಬಿಟ್ಟು ಬೇರೇನೂ ಕಾಣ್ತಿಲ್ಲ."

"ಟಣ್ ಅಂತು," ಎಂದರು ಒಳಗಿನಿಂದ, ಬಹಳ ಮೆಲ್ಲಗೆ.

ತಮ್ಮ ಬೀಗದ ಕೈಗೆ ಕೈ ಹಾಕಿದರು. ಟೇಪಕ್ಕ ತಡೆದರು. "ತಾಳು. ತೆರೆದಿದ್ದು ಆಯ್ತು. ಮುಚ್ಚತ್ತಾ ನೋಡ್ಬೇಡ್ವಾ? ತುಳಿಯೋದು ಕಲಿತವರು ಬಿಡೋದೂ ಕಲೀಬೇಕು. ಸಾವ್ಕಾರ್ರೆ, ಕಾಲು ತೆಗೀತೀನಿ, ಪೂರ್ತಿ ವಾಪಸ್ ಬರತ್ತಾ ನೋಡಿ."

ಬಂತು, ಆದರೆ ಸೋಮಾರಿಯಾಗಿ. ವರ್ಷಗಟ್ಟಲೆ ಅಷ್ಟು ದೂರ ಹಿಗ್ಗಿ ಅಭ್ಯಾಸ ತಪ್ಪಿದ್ದ, ಗಂಟಲು ಮುಚ್ಚಿಸುವ ಸ್ಪ್ರಿಂಗು ಕೊನೆಯಲ್ಲಿ ಸ್ವಲ್ಪ ತಡವರಿಸಿತು. ಏರಿನ ಮೇಲೆ ಕಾಲು ತೆಗೆದರೂ ಗಂಟಲು ಮುಚ್ಚದಿದ್ದರೆ ಕಾರು ಯಾರ ಮಾತನ್ನೂ ಕೇಳುವುದಿಲ್ಲ. "ಇದಕ್ಕೆ ಜೊತೆ ಬೇಕು," ಎಂದರು. ನನ್ನ ಅಂಗಡಿಗೆ ನನ್ನನ್ನೇ ಓಡಿಸಿ ಹೊಸ ಸ್ಪ್ರಿಂಗು ತರಿಸಿದರು. ಹಳೆಯದರ ಪಕ್ಕದಲ್ಲೇ ಅದನ್ನೂ ಸಿಕ್ಕಿಸಿ, ತುಳಿದು, ಬಿಟ್ಟು, ತುಳಿದು, ಬಿಟ್ಟು, ಪ್ರತಿ ಸಲವೂ ಬಿಲ್ಲೆಗಳು ಪಟ್ಟನೆ ಮುಚ್ಚುವವರೆಗೂ ನನ್ನ ಬೆನ್ನು ನೆಟ್ಟಗಾಗಲು ಬಿಡಲಿಲ್ಲ. ತಂದೆ ಹೆದರಿದ್ದು ಈ ಹೆಂಗಸಿನ ವೇಗಕ್ಕೆ. ಈ ಎಚ್ಚರವನ್ನು ಅವರು ನೋಡಿರಲಿಲ್ಲ.

ಎಂಜಿನ್ ಬಿಸಿಯಾಗುವವರೆಗೂ ಕಾದು ಹೊರಟೆವು. ಮುಂದೆ ಟೇಪಕ್ಕ ಮತ್ತು ತಾಯಿ, ಹಿಂದೆ ತಮ್ಮ ಮತ್ತು ನಾನು. ಭಾರ ಸಾಲದು ಎಂದು ದಾರಿಯಲ್ಲಿ ಯಜಮಾನರನ್ನೂ ಅಂಗಡಿಯಿಂದ ಎತ್ತಿಕೊಂಡರು. ಅವರು ಕೈಯಲ್ಲಿದ್ದ ಬಟ್ಟೆ ಗುಂಡಿಗಳ ಸಮೇತ ಹತ್ತಿ ಕೂತರು. ಎಲ್ಲಿಗೆ ಎಂದು ಕೇಳಲಿಲ್ಲ.

ನೀರಿನ ಟ್ಯಾಂಕಿನ ಏರು ಶುರುವಿನಲ್ಲಿ ಸಾಧು, ತಿರುವಿನಲ್ಲಿ ಗೋಡೆ. ತಿರುವಿಗೆ ಮೊದಲೇ ಕಾರು ಹಳೆಯ ಚಾಳಿಯಂತೆ ನಿಧಾನವಾಯಿತು. ನನ್ನ ಪಕ್ಕದಲ್ಲಿ ತಮ್ಮನ ಕೈ ತನ್ನಷ್ಟಕ್ಕೆ ಬಾಗಿಲಿನ ಹಿಡಿಗೆ ಹೋಯಿತು. ಬಾಲ್ಯದಿಂದ ಹೋಗಿ ಹೋಗಿ ಅಭ್ಯಾಸವಾದ ಕೈ.

ಕನ್ನಡಿಯಲ್ಲಿ ನೋಡಿದ ಟೇಪಕ್ಕ ಹೇಳಿದ್ದು ಒಂದೇ ಮಾತು. "ಕೂತ್ಕೋ ಪುಟ್ಟ."

ಪೆಡಲನ್ನು ತಳಕ್ಕೆ ತುಳಿದರು.

ಮೊದಲು ಎಂಜಿನ್ ಒಂದು ಸಲ ಗುಟುಕರಿಸಿತು. ಮುಗಿಯಿತು, ಕೌಂಟರು ಆಯಿತು ಎಂದುಕೊಂಡೆ. ನನ್ನ ಮನಸ್ಸಿನ ಒಂದು ಮೂಲೆ ಆಗಲೇ ಗರಗಸದವನನ್ನು ಗೊತ್ತುಮಾಡುತ್ತಿತ್ತು. ಆಗ ಆ ದನಿ ಎದ್ದಿತು. ಇರುವ ದನಿಯೇ ದೊಡ್ಡದಾಯಿತೆಂದರೆ ಸುಳ್ಳಾಗುತ್ತದೆ. ಒಳಗೆ ಮಲಗಿದ್ದ ಬೇರೊಬ್ಬರು ಎದ್ದು, ಬಾಯಿ ತುಂಬ ಉಸಿರೆಳೆದುಕೊಂಡ ಸದ್ದು ಅದು. ಸೀಟು ನನ್ನ ಬೆನ್ನನ್ನು ತಳ್ಳಿತು. ತಮ್ಮ ನನ್ನ ತೋಳು ಹಿಡಿದರು. ಯಜಮಾನರ ಮಡಿಲಿನಿಂದ ಗುಂಡಿಗಳೆಲ್ಲ ಹಾರಿ ಹಿಂದಿನ ಗಾಜಿಗೆ ಬಡಿದವು. ತಿರುವಿನ ಗೋಡೆ ಬಂತು, ಹೋಯಿತು. ಮುಂದೆ ಕುಳಿತ ತಾಯಿ, ಕಿವಿ ಮಂದವಾದ ತಾಯಿ, "ಕೇಳಿಸ್ತಿದೆ ಕಣೇ! ಕೇಳಿಸ್ತಿದೆ!" ಎಂದು ಚಪ್ಪಾಳೆ ತಟ್ಟಿದರು.

ಟ್ಯಾಂಕಿನ ಬುಡದಲ್ಲಿ ಟೇಪಕ್ಕ ಕಾಲು ತೆಗೆದರು. ಗಂಟಲುಗಳು ಪಟ್ಟನೆ ಮುಚ್ಚಿದವು, ಕಾರು ಸಾಧುವಾಗಿ ನಿಂತಿತು. ತಮ್ಮ ಇಳಿದು ಬಂದು ಚಾಲಕರ ಬಾಗಿಲ ಪಕ್ಕದಲ್ಲಿ ನಿಂತರು.  ಬೀಗದ ಕೈಯ ಗೊಂಚಲಿನಿಂದ ತಮ್ಮ ಮನೆಯ ಮತ್ತು ಅಂಗಡಿಯ ಕೈಗಳನ್ನು ಕಳಚಿಕೊಂಡು, ಉಳಿದದ್ದನ್ನು ಅಕ್ಕನ ಕೈಯಲ್ಲೇ ಬಿಟ್ಟರು.

"ನಾಳೆಯಿಂದ ನೆಂಟರಿಗೆ ಏನು ಹೇಳ್ತೀಯ?" ಎಂದು ಕೇಳಿದರು ಟೇಪಕ್ಕ.

"ಅಕ್ಕ ಓಡಿಸಿದ್ಲು, ಸರಿಹೋಯ್ತು ಅಂತೀನಿ."

"ಅಷ್ಟೇ ಅಲ್ಲ. ಮರ ಯಾರು ಇಟ್ಟಿದ್ರು ಅಂತಲೂ ಹೇಳ್ಬೇಕು. ಅಪ್ಪನ ಹೆಸರು ಹೇಳೋಕೆ ಆಗಲ್ಲ ಅಂದ್ರೆ ನನ್ನ ಹೆಸರೂ ಹೇಳ್ಬೇಡ."

 "ಹೇಳ್ತೀನಿ," ಎಂದರು ತಮ್ಮ. ಆಮೇಲೆ ಅದೇ ಮಾತನ್ನು ತಾಯಿಯ ಕಿವಿಗೆ ಕೂಗಿಯೂ ಹೇಳಿದರು. ತಾಯಿ ತಲೆಯಾಡಿಸಿ, "ಇನ್ನೊಂದ್ಸಲ ಹತ್ತೋಣ," ಎಂದರು.

ಇನ್ನೊಂದು ಸಲ ಹತ್ತಿದೆವು.

ಹೋಟೆಲ್ ಮಾಲೀಕರಿಗೆ ಕಾರು ಸಿಗಲಿಲ್ಲ ಎಂದು ಹೇಳಿಕಳಿಸಿದೆ. ಯಾಕೆ ಎಂದರು. ಬದುಕಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಬೇರೆ ಕಡೆಯಿಂದ ಒಂದು ದೋಣಿ ತರಿಸಿ ಅದನ್ನೇ ಕೌಂಟರು ಮಾಡಿಕೊಂಡಿದ್ದಾರೆ. ಕಾರು ಈಗ ಟೇಪಕ್ಕನ ಅಂಗಡಿಯ ಮುಂದೆ ನಿಲ್ಲುತ್ತದೆ. ಒಳಗೆ ಅವರೇ ಹಾಸಿದ ಹೊಸ ಹಾಸು, ಪೆಡಲಿನ ಅಡಿಯಲ್ಲಿ ಮಾತ್ರ ಬರಿ ತಗಡು. ಭಾನುವಾರ ಏರು ಹತ್ತುವಾಗ ಆ ದನಿ ನನ್ನ ಅಂಗಡಿಯವರೆಗೂ ಕೇಳಿಸುತ್ತದೆ. ಗಿರಾಕಿ ಎದುರಿಗಿದ್ದರೂ ನನ್ನ ಮಾತು ಒಂದು ಗಳಿಗೆ ನಿಲ್ಲುತ್ತದೆ.

ಸತ್ತಿದೆ ಎಂದು ಹತ್ತು ಜನ ಹೇಳಿದ ಕಾರನ್ನು ನಾನೂ ಸತ್ತಿದೆ ಎಂದೇ ಕೊಳ್ಳುತ್ತಿದ್ದವನು. ಈಗ ಹಾಗೆ ಕೊಳ್ಳುವುದಿಲ್ಲ. ಎಂಜಿನ್ ನಿಲ್ಲಿಸಿ, ಒಬ್ಬರಿಂದ ಪೆಡಲು ತುಳಿಸಿ, ನಾನೇ ಬಾನೆಟ್ಟಿನೊಳಗೆ ತಲೆ ಹಾಕಿ, ಇರುವ ಗಂಟಲೆಲ್ಲ ತೆರೆಯುವುದನ್ನೂ ಮುಚ್ಚುವುದನ್ನೂ ನೋಡುತ್ತೇನೆ. ಇದರಿಂದ ಕತ್ತರಿಗೆ ಹೋಗಬೇಕಿದ್ದ ಕಾರುಗಳು ಕೆಲವು ರಸ್ತೆಯಲ್ಲೇ ಉಳಿದಿವೆ. ಈ ಅಭ್ಯಾಸ ನನ್ನದಲ್ಲ, ಟೇಪಕ್ಕನದು. ಇದಕ್ಕಾಗಿ ನಾನು ಅವರಿಗೆ ಋಣಿ.